ಒಂಬತ್ತನೇ ಕಾಲಮ್ಮಿನಲ್ಲಿ ಆಯಿ

ಅಕ್ಟೋಬರ್ 15ರ ಸಂಜೆ ನಮ್ಮೂರ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಮಾತಾಡಿದ್ದನ್ನು ಇಲ್ಲಿ ಬರೆದು ಹಾಕುತ್ತಿದ್ದೇನೆ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಕರೆದಿದ್ದರು. ಮೈಕು ಎರಡು ಸಲ ಕೈಕೊಟ್ಟಿತು, ಹಿಂದೆ ಕೂತವರಿಗೆ ಅರ್ಧ ಮಾತು ಕೇಳಲೇ ಇಲ್ಲ. ಅವರಿಗೋಸ್ಕರ ಬರೆದಿದ್ದು ಇದು. ಆವತ್ತು ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ಕೊನೆಯಲ್ಲಿ ನಮ್ಮ ಸಣ್ಣ ಅತ್ತಿ, ಅಂದ್ರೆ ಅಪ್ಪನ ಸೋದರಿ, ಎದ್ದು ನಿಂತು ಹೇಳಿದ್ದನ್ನೂ ಬಿಟ್ಟಿಲ್ಲ.

ಎಲ್ಲರಿಗೂ ಶರಣು ಶರಣಾರ್ಥಿ.

ಇವತ್ತು ಮಹಿಳಾ ಕಿಸಾನ್ ದಿನ ಅಂತ ಬ್ಯಾನರಿನಲ್ಲಿ ಬರೆಸಿದ್ದೀರಿ. ವಿಶ್ವಸಂಸ್ಥೆಯವರು ಇದೇ ದಿನವನ್ನು ಗ್ರಾಮೀಣ ಮಹಿಳೆಯರ ದಿನ ಅನ್ನುತ್ತಾರೆ. ನಮ್ಮ ದೇಶದಲ್ಲಿ 2017ರಿಂದ ಇದು ರೈತ ಮಹಿಳೆಯರ ದಿನ. ಆರಿಸಿದವರು ಯಾರೋ ಗೊತ್ತಿಲ್ಲ, ನಮ್ಮ ಎರಿ ಸೀಮೆಯ, ಕಪ್ಪು ಮಣ್ಣಿನ ನಾಡಿನವರಂತೂ ಅಲ್ಲ. ಯಾಕಂದ್ರೆ ಇವತ್ತು ಚಿತ್ತಿ ಮಳೆ. ಹಿಂಗಾರಿ ಬಿತ್ತನೆ ಇನ್ನೂ ಪೂರ್ತಿ ಮುಗಿದಿಲ್ಲ, ಕಡಲೆ ಬಿತ್ತುವವರು ಹೊಲದಲ್ಲೇ ಇದ್ದಾರೆ. ರೈತ ಮಹಿಳೆಗೆ ಸನ್ಮಾನ ಮಾಡಬೇಕು ಅಂದ್ರೆ ಇವತ್ತು ಅವಳು ಕೈಗೆ ಸಿಗುವುದಿಲ್ಲ! ಅದಕ್ಕೇ ನೀವು ಸಂಜೆ ಏಳಕ್ಕೆ ಇಟ್ಟುಕೊಂಡಿರಿ. ಅರ್ಧ ಜನ ಸೀರೆಯ ನಿರಿಗೆಯಲ್ಲಿ ಮಣ್ಣು ಇಟ್ಟುಕೊಂಡೇ ಬಂದು ಕೂತಿದ್ದೀರಿ. ಚಲೋ ಆಯ್ತು.

ನನಗೆ ಕೊಟ್ಟ ವಿಷಯ ‘ತ್ಯಾಗಮಯಿ ರೈತ ಮಹಿಳೆ’. ನಾನು ನಮ್ಮ ಆಯಿಯ, ಅಂದ್ರೆ ಅಪ್ಪನ ಅವ್ವನ, ಬಗ್ಗೆ ಮಾತಾಡ್ತೀನಿ ಅಂದೆ, ನೀವು ಹೂಂ ಅಂದ್ರಿ. ಆದರೆ ಮೊದಲೇ ಹೇಳಿಬಿಡುತ್ತೇನೆ, ತ್ಯಾಗಮಯಿ ಅಂದ್ರೆ ಆಯಿ “ಅದೇನ ಗುಳಿಗಿ ಹೆಸರೇನ?” ಅಂತ ಕೇಳುತ್ತಿದ್ದಳು. ಅವಳು ತ್ಯಾಗ ಮಾಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ದುಡಿದಳು. ಸಂಸಾರ ನಡೆಸಿದಳು. ಹೊಲ ನಡೆಸಿದಳು. ಒಂದೆರಡು ಕಡೆ ತಪ್ಪು ಕೂಡ ಮಾಡಿದಳು, ಅದನ್ನೂ ಹೇಳುತ್ತೇನೆ. ನಮ್ಮ ಸಣ್ಣ ಅತ್ತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ನಾನು ಸುಳ್ಳು ಹೇಳಿದರೆ ಅಲ್ಲೇ ಹಿಡಿಯುತ್ತಾಳೆ.

ಆಯಿಯ ಹೆಸರು ಹೇಳುವುದಿಲ್ಲ. ಅವಳಿಗೆ ಎರಡು ಹೆಸರಿದ್ದವು. ತವರಿನವರು ಇಟ್ಟಿದ್ದು ಒಂದು, ಮದುವೆಯಾದ ಮೇಲೆ ಗಂಡನ ಮನೆಯವರು ಇಟ್ಟಿದ್ದು ಒಂದು. ಎರಡನ್ನೂ ಯಾರೂ ಕರೆಯಲಿಲ್ಲ. ಮೊದಲು ‘ಹಿರಿ ಸೊಸಿ’, ಆಮೇಲೆ ನಮ್ಮ ದೊಡ್ಡಪ್ಪನ ಹೆಸರು ಹೇಳಿ ‘ಅವರವ್ವ’, ಆಮೇಲೆ ಇಡೀ ಓಣಿಗೆ ಆಯಿ. ನಾನು ಆರನೇ ಇಯತ್ತೆಗೆ ಬರುವವರೆಗೂ ಅವಳ ಹೆಸರೇ ಆಯಿ ಅಂದುಕೊಂಡಿದ್ದೆ.

ಹುಟ್ಟಿದ ದಿನ ಗೊತ್ತಿರಲಿಲ್ಲ. “ರಜಾಕಾರರ ಗದ್ದಲದಾಗ ನಾ ಹನ್ನೊಂದು ಹನ್ನೆಳ್ಡು ವರ್ಷದಾಕಿ” ಅನ್ನುತ್ತಿದ್ದಳು. ನಮ್ಮ ತಾಳಿಕೋಟೆ ಕಡೆಯ ಹಳ್ಳಿಗಳಿಗೆ ಆಗ ನಿಜಾಮನ ಗಡಿ ಹತ್ತಿರ, ನಾವು ಮುಂಬೈ ಸರಕಾರದವರು. ಗದ್ದಲ ಮುಗಿದಿದ್ದು 1948ರಲ್ಲಿ. ಹಾಗೆ ಲೆಕ್ಕ ಹಾಕಿದರೆ 1936-37ರ ಸುಮಾರು ಹುಟ್ಟಿರಬೇಕು. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತಿತ್ತು. ಆಯಿ, ಅವಳ ಗಂಡ ನಮ್ಮ ಮುತ್ಯಾ, ಪಕ್ಕದ ಮನೆಯ ಅಜ್ಜ, ಎಲ್ಲರೂ ಜನವರಿ ಒಂದಕ್ಕೇ ಹುಟ್ಟಿದವರು. “ಅವತ್ತ ಊರಾಗಿನ ಸೂಲಗಿತ್ತಿಗಿ ಭಾಳ ಕೆಲಸ ಇದ್ದೀತು” ಅಂತ ಆಯಿ ನಗುತ್ತಿದ್ದಳು.

ಹದಿಮೂರಕ್ಕೆ ಮದುವೆ. ನಮ್ಮೂರಿಗೆ ಬಂದ ದಿನದಿಂದ ಅವಳಿಗೆ ಎರಡು ದೊಡ್ಡ ಕೆಲಸ, ನೀರು ಮತ್ತು ರೊಟ್ಟಿ. ಡೋಣಿ ದಂಡೆಯ ಊರು ನಮ್ಮದು. “ಡೋಣಿ ಹರಿದರ ಓಣೆಲ್ಲಾ ಕಾಳು” ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ ಕೂಡ, ಡೋಣಿ ಬಯಲಿನ ಎರಿಯಂಥ ಎರಿ ಇನ್ನೆಲ್ಲಿದೆ? ಆದರೆ ಗಾದೆ ಮಾಡಿದವನು ಆ ಹೊಳೆಯ ನೀರು ಕುಡಿದಿರಲಿಕ್ಕಿಲ್ಲ. ಉಪ್ಪು ನೀರು. ಬೇಳೆ ಬೇಯುವುದಿಲ್ಲ, ಬಾಯಾರಿಕೆ ಹೋಗುವುದಿಲ್ಲ. ಕುಡಿಯುವ ನೀರಿಗೆ ಊರಾಚೆಯ ಸಿಹಿನೀರಿನ ಬಾವಿಗೇ ಹೋಗಬೇಕಿತ್ತು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಎರಡು ಕೊಡ, ಟೊಂಕದಲ್ಲಿ ಒಂದು ಕೂಸು. ಗಾದೆಯಲ್ಲಿ ಕಾಳು ಇದೆ, ಕೊಡ ಇಲ್ಲ.

ರೊಟ್ಟಿ ಲೆಕ್ಕವನ್ನು ನಾನು ಮೊಬೈಲಿನಲ್ಲಿ ಮಾಡಿದ್ದೇನೆ, ನಗಬೇಡಿ. ಹದಿನಾಲ್ಕು ಜನರ ಮನೆ. ಹೊಲಕ್ಕೆ ಬುತ್ತಿ ಬೇರೆ. ದಿನಕ್ಕೆ ನಲವತ್ತು ರೊಟ್ಟಿ ಅಂತ ಹಿಡಿದರೂ ವರ್ಷಕ್ಕೆ 14,600. ಐವತ್ತು ವರ್ಷಕ್ಕೆ 7,30,000. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಎಸರು ಹಾಕಿ ನಾದಿ ನಾದಿ ಹದಕ್ಕೆ ತರಬೇಕು, ಆಮೇಲೆ ಬಡಿಯಬೇಕು. ಏಳು ಲಕ್ಷ ಸಲ! ಕೊನೆಯ ಹತ್ತು ವರ್ಷ ಆಯಿಯ ಬಲ ಭುಜ ಮೇಲಕ್ಕೆ ಏಳುತ್ತಿರಲಿಲ್ಲ. ವೈದ್ಯರು “ವಯಸ್ಸಾಯ್ತು ಅಜ್ಜಿ” ಅಂದರು. ವಯಸ್ಸಾದದ್ದು ಎರಡೂ ಭುಜಕ್ಕೆ ಅಲ್ವಾ, ಎಡದ್ದು ಚೆನ್ನಾಗೇ ಇತ್ತಲ್ಲ!

ಇಷ್ಟೇ ಆಗಿದ್ದರೆ ನಾನು ಇಲ್ಲಿ ನಿಲ್ಲುತ್ತಿರಲಿಲ್ಲ, ಇಂಥ ಆಯಿಯರು ನಿಮ್ಮೆಲ್ಲರ ಮನೆಯಲ್ಲೂ ಇದ್ದರು. ನನಗೆ ಹೇಳಬೇಕಿರುವುದು ಹೊಲದ ವಿಷಯ. ನಮ್ಮ ಹದಿನೆಂಟು ಎಕರೆ ಯಾರದು ಅಂತ ಊರಲ್ಲಿ ಕೇಳಿದರೆ ಮುತ್ಯಾನ ಹೆಸರು ಹೇಳುತ್ತಿದ್ದರು. ಕೂರಿಗೆ ಹಿಡಿಯುತ್ತಿದ್ದವನು ಮುತ್ಯಾ. ಆದರೆ ಯಾವತ್ತು ಕೂರಿಗೆ ಹೂಡಬೇಕು ಅಂತ ಹೇಳುತ್ತಿದ್ದವಳು ಆಯಿ.

ಎರಿ ಮಣ್ಣಿನ ಸ್ವಭಾವ ನಿಮಗೆ ನಾನು ಹೇಳಬೇಕಿಲ್ಲ. ಹಸಿ ಇದ್ದಾಗ ಕಾಲಿಗೆ ಸೇರುಗಟ್ಟಲೆ ಅಂಟುತ್ತದೆ. ಒಣಗಿದರೆ ಬಿರುಕಿನಲ್ಲಿ ಮೊಣಕೈವರೆಗೆ ಕೈ ಹೋಗುತ್ತದೆ. ನಡುವೆ ಕೆಲವೇ ದಿನ ಅದು ಕೂರಿಗೆಗೆ ಒಪ್ಪುತ್ತದೆ. ಹಿಂಗಾರಿ ಜೋಳಕ್ಕೆ ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಮಣ್ಣು ಹೊಟ್ಟೆಯಲ್ಲಿ ಇಟ್ಟುಕೊಂಡ ಹಸಿಯ ಮೇಲೇ ನಾಲ್ಕು ತಿಂಗಳು ಅದು ಬದುಕಬೇಕು, ಹಾಗಾಗಿ ಎರಡು ದಿನ ಹಿಂದೆಮುಂದೆ ಆದರೂ ವರ್ಷದ ಊಟ ಹೆಚ್ಚುಕಮ್ಮಿ ಆಗುತ್ತದೆ. ಉತ್ತರಿ ಮಳೆ ನಿಂತ ಮೇಲೆ ಆಯಿ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗುತ್ತಿದ್ದಳು. ಗೇಣು ಆಳ ಕೆದರಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಕೆಳಗೆ ಬಿಡುತ್ತಿದ್ದಳು. ಉಂಡೆ ಹಾಗೇ ಕೂತರೆ ಇನ್ನೂ ಹಸಿ. ಉಂಡೆಯೇ ಆಗದಿದ್ದರೆ ತಡವಾಯಿತು. ಬಿದ್ದು ಮೂರ್ನಾಲ್ಕು ತುಂಡಾದರೆ ಮನೆಗೆ ಬಂದು ಮುತ್ಯಾನಿಗೆ ಕೇಳುವಂತೆ ಒಲೆಯ ಮುಂದೆ ಹೇಳುತ್ತಿದ್ದಳು, “ಹದ ಬಂದದ.” ಅಷ್ಟೇ. ಮುತ್ಯಾ ಏನೂ ಅನ್ನುತ್ತಿರಲಿಲ್ಲ. ಎದ್ದು ಹೋಗಿ ಕೂರಿಗೆಯ ತಾಳು ನೋಡುತ್ತಿದ್ದ. ಮಾರನೇ ದಿನ ಕಟ್ಟೆಯ ಮೇಲೆ ಕೂತು “ನಾಳಿ ಬಿತ್ತೂಣು ಅಂತ ಮಾಡೀನಿ” ಅಂತ ಗೆಳೆಯರಿಗೆ ಹೇಳುತ್ತಿದ್ದ. ಹೆಂಡತಿ ಹೇಳಿದಳು ಅಂತ ಅವನು ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ. ಪಾಪ, ಕೆಟ್ಟ ಮನುಷ್ಯ ಅಲ್ಲ. ಆಗಿನ ರೀತಿ ಹಾಗಿತ್ತು ಅಂತ ಬಿಟ್ಟುಬಿಡಬಹುದಿತ್ತು, ಆದರೆ ಈಗಿನ ರೀತಿ ಬೇರೆ ಇದೆಯಾ?

ಬಿತ್ತುವಾಗ ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಯಲ್ಲಿ ಅಕ್ಕಡಿ ಬೀಜ ಬಿಡುವವಳು ಆಯಿ. ಉಡಿಯಲ್ಲಿ ಕಡಲೆ, ಕುಸುಬೆ. ಎತ್ತಿನ ನಡಿಗೆಗೆ ಸರಿಯಾಗಿ ಬೆರಳ ಸಂದಿಯಿಂದ ಕಾಳು ಬಿಡಬೇಕು. ಜಾಸ್ತಿ ಬಿಟ್ಟರೆ ಗುಂಪು, ಕಡಿಮೆ ಬಿಟ್ಟರೆ ಸಾಲು ಖಾಲಿ. ದಾರಿ ಕಡೆಯ ಅಂಚಿಗೆಲ್ಲ ಕುಸುಬೆ ಹಾಕಿಸುತ್ತಿದ್ದಳು. ಕುಸುಬೆ ಬಲಿತರೆ ಮುಳ್ಳು, ದನ ಒಳಗೆ ಬರುವುದಿಲ್ಲ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ, ಹಬ್ಬಕ್ಕೆ ಕುಸುಬೆ ಹಾಲಿನ ಹುಗ್ಗಿ. ಇವತ್ತು ಇದಕ್ಕೆ ಮಿಶ್ರ ಬೆಳೆ ಪದ್ಧತಿ ಅಂತ ತರಬೇತಿ ಕೊಡುತ್ತಾರೆ, ಊಟ ಹಾಕಿ ಸರ್ಟಿಫಿಕೇಟು ಕೊಡುತ್ತಾರೆ.

ನಮ್ಮ ಮುಖ್ಯ ಬೆಳೆ ಬಿಳಿಜೋಳ, ಮಾಲದಂಡಿ. ಕೃಷಿ ಇಲಾಖೆಯವರು ಎಂ 35-1 ಅನ್ನುವುದು ಅದನ್ನೇ. 1930ರ ದಶಕದಲ್ಲಿ ಸೊಲ್ಲಾಪುರದ ಕಡೆ ಮೋಹೋಳದಲ್ಲಿ ರೈತರ ಮಾಲದಂಡಿಯಿಂದಲೇ ಆರಿಸಿ ತೆಗೆದ ತಳಿ ಅದು. ರೈತರದಿಂದ ಅಂದ್ರೆ ಯಾರದಿಂದ? ರಾಶಿಗೆ ಮೊದಲು ತೆನೆ ಆರಿಸಿ ಬೀಜಕ್ಕೆ ಇಡುವವರು ನಮ್ಮ ಮನೆಗಳಲ್ಲಿ ಹೆಂಗಸರು. ಜೋಳ ಕಿತ್ತು ಸಿವುಡು ಕಟ್ಟಿದ ಮೇಲೆ, ತೆನೆ ಮುರಿಯಲು ಕೂತಾಗ, ಆಯಿಯ ಪಕ್ಕ ಒಂದು ಬೇರೆ ಬುಟ್ಟಿ ಇರುತ್ತಿತ್ತು. ತುಂಬಿದ ತೆನೆ, ಮುತ್ತಿನಂಥ ಕಾಳು, ಗಟ್ಟಿ ದಂಟು, ಮೂರೂ ಇದ್ದರೆ ಆ ಬುಟ್ಟಿಗೆ. ಹಸಿ ತೆನೆ ಸುಟ್ಟು ತಿನ್ನುವ ಸೀತನಿಗೆ ಬೇರೆ ಜೋಳ, ಪಂಚಮಿಯ ಅಳ್ಳಿಗೆ ಬೇರೆ ಜೋಳ, ಅವನ್ನೂ ನಾಲ್ಕು ನಾಲ್ಕು ಸಾಲು ಹಾಕಿಸಿ ಬೀಜ ಉಳಿಸುತ್ತಿದ್ದಳು. ಊಟದ ಜೋಳ ಹಗೇವಿಗೆ ಹೋಗುತ್ತಿತ್ತು. ಬೀಜದ ಜೋಳ ಗಡಿಗೆಗೆ. ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಬಾಯಿಗೆ ಸೆಗಣಿ ಮೆತ್ತಿ, ಅಟ್ಟದ ಮೇಲೆ.

ಹಗೇವಿನ ಮಾತು ಬಂತು ಅಂತ ಒಂದು ಹೇಳಿಬಿಡುತ್ತೇನೆ, ಸಣ್ಣ ಹುಡುಗರು ಕೂತಿದ್ದೀರಿ, ನೀವು ಹಗೇವು ನೋಡಿರಲಿಕ್ಕಿಲ್ಲ. ನೆಲದಲ್ಲಿ ತೋಡಿದ ಕಾಳಿನ ಗುಂಡಿ, ಬಾಯಿ ಸಣ್ಣದು, ಒಳಗೆ ದೊಡ್ಡದು. ಮುಚ್ಚಿಟ್ಟ ಕಾಳು ಒಳಗೆ ಉಸಿರಾಡಿ ಉಸಿರಾಡಿ ಗಾಳಿ ಕೆಟ್ಟಿರುತ್ತದೆ. ತೆಗೆದ ಕೂಡಲೇ ಇಳಿದರೆ ಮನುಷ್ಯ ಮೇಲೆ ಬರುವುದಿಲ್ಲ. ಆಯಿ ಹಗೇವು ತೆಗೆಸಿ ಇಡೀ ಹೊತ್ತು ಹಾಗೇ ಬಿಡಿಸುತ್ತಿದ್ದಳು. ಆಮೇಲೆ ಕಂದೀಲಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದಳು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಯಾರಾದರೂ ಅವಸರ ಮಾಡಿದರೆ ಬೈಗುಳ. ಅವಳ ಬೈಗುಳಗಳನ್ನು ಗುಡಿಯ ಮುಂದೆ ಹೇಳಲಾಗುವುದಿಲ್ಲ.

ಈಗ ಎಪ್ಪತ್ತೆರಡರ ಬರ. ಈ ಸಭೆಯಲ್ಲಿ ಅದನ್ನು ಕಂಡವರು ಹತ್ತು ಜನರಾದರೂ ಇದ್ದೀರಿ. 1972ರಲ್ಲಿ ಮಳೆ ಕೈಬಿಟ್ಟಿತು. ಹೊಲದಲ್ಲಿ ಬಿರುಕು, ಬಾವಿಯಲ್ಲಿ ಕೆಸರು. ಕಣಿಕೆ, ಅಂದ್ರೆ ಜೋಳದ ದಂಟಿನ ಮೇವು, ಇಲ್ಲ ಅಂತ ಎತ್ತು ಮಾರಿದರು, ಸಿಕ್ಕಷ್ಟಕ್ಕೆ. ಮುತ್ಯಾ ಸೊಲ್ಲಾಪುರಕ್ಕೆ ದುಡಿಯಲು ಹೋದ. ಆಯಿ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದಳು. ಇಡೀ ದಿನ ಬಿಸಿಲಲ್ಲಿ ಕೂತು ಸುತ್ತಿಗೆಯಿಂದ ಕಲ್ಲು ಒಡೆದು ಗುಂಪು ಹಾಕಬೇಕು, ಗುಂಪು ಅಳೆದು ಕೂಲಿ. ಮನೆಯಲ್ಲಿ ಐದು ಮಕ್ಕಳು, ಒಬ್ಬಳು ಮುದುಕಿ ಅತ್ತೆ. ರೇಷನ್ನಿನ ಕೆಂಪು ಜೋಳ. ಅದರ ರೊಟ್ಟಿ ಬಡಿದರೆ ಹರಿಯುತ್ತಿತ್ತಂತೆ, ಹಾಗಾಗಿ ಅಂಬಲಿ. ಅದೂ ಒಂದು ಹೊತ್ತು.

ಮತ್ತೆ ಅಟ್ಟದ ಮೇಲೆ ಗಡಿಗೆ ಇತ್ತು. ಬೀಜದ ಜೋಳ, ತುಂಬಿದ ಗಡಿಗೆ.

ಆಯಿ ಅದನ್ನು ತೆಗೆಯಲಿಲ್ಲ. ಅತ್ತೆ ಕೇಳಿದರೂ ತೆಗೆಯಲಿಲ್ಲ. ಮಕ್ಕಳು ಅತ್ತರೂ ತೆಗೆಯಲಿಲ್ಲ. ಮಾರನೇ ವರ್ಷ ಮಳೆ ಬಂತು. ಎತ್ತು ಇರಲಿಲ್ಲ, ಬೀಗರ ಊರಿಂದ ಎತ್ತು ತಂದು ಬಿತ್ತಿದರು. ಬೀಜಕ್ಕೆ ಸಾಹುಕಾರನ ಮನೆಗೆ ಹೋಗದ ಮನೆ ಓಣಿಯಲ್ಲಿ ನಮ್ಮದೊಂದೇ ಅಂತ ಮುತ್ಯಾ ಸಾಯುವವರೆಗೂ ಹೇಳುತ್ತಿದ್ದ. ‘ನಾವು ಬೀಜ ಉಳಿಸಿದ್ವಿ’ ಅನ್ನುತ್ತಿದ್ದ. ನಾವು! ಅವನು ಆಗ ಸೊಲ್ಲಾಪುರದಲ್ಲಿದ್ದ.

ಈ ಕಥೆಯನ್ನು ನಾನು ಚಿಕ್ಕಂದಿನಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದವಳು. ಶಾಲೆಯ ಪ್ರಬಂಧದಲ್ಲೂ ಬರೆದಿದ್ದೆ. ಒಂದು ಸಲ ಸಣ್ಣ ಅತ್ತಿಯ ಮುಂದೆ ಹೇಳಿದೆ. ಅತ್ತಿಗೆ ಆಗ ಎಂಟು ವರ್ಷ. ಅವಳು ಸುಮ್ಮನೆ ಕೇಳಿ ಕೊನೆಗೆ ಅಂದಳು: “ನಿಮಗ ಅದು ಕಥಿ. ನಾ ರಾತ್ರಿ ಅಟ್ಟ ನೋಡಕೋತ ಮಲಗತಿದ್ದೆ. ಆ ಗಡಿಗಿ ಕಂಡ್ರ ನನಗ ಇವತ್ತಿಗೂ ಸಿಟ್ಟು.” ಆಮೇಲೆ ನಾನು ಈ ಕಥೆ ಹೇಳುವಾಗ ಅತ್ತಿಯ ಮಾತು ಬಿಡುವುದಿಲ್ಲ. ಆಯಿ ಸರಿಯೋ ತಪ್ಪೋ ನಾನು ತೀರ್ಪು ಕೊಡುವುದಿಲ್ಲ. ನನಗೆ ಒಂದು ಹೊತ್ತೂ ಹಸಿದು ಗೊತ್ತಿಲ್ಲ.

ಬೀಸುವ ಕಲ್ಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ಭಾಷಣಗಳಲ್ಲಿ ಅದು ಜಾಸ್ತಿ ಆಗಿದೆ. ಸುಮಾರು ನೂರು ವರ್ಷದ ಹಿಂದೆ ನಮ್ಮ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಹೆಂಗಸರ ಬೀಸುವ ಪದಗಳನ್ನು ಕೇಳಿ ಕೇಳಿ ಬರೆದುಕೊಂಡರು. ದೊಡ್ಡ ಕೆಲಸ. ನಮ್ಮ ಆಯಿಗೂ ರಾತ್ರಿಯಿಡೀ ಹಾಡುವಷ್ಟು ಪದ ಬರುತ್ತಿದ್ದವು. ನಾನು ಒಂದನ್ನೂ ಬರೆದುಕೊಳ್ಳಲಿಲ್ಲ, ಅದು ನನ್ನ ತಪ್ಪು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಆಯಿ ಬೀಸುವುದು ಬಿಟ್ಟಳು, ಹಾಡುವುದೂ ನಿಂತಿತು. ಒಮ್ಮೆ ನಾನು ಬೇಜಾರಿನಿಂದ “ಎಷ್ಟು ಹಾಡು ಹೋದವಲ್ಲ ಆಯಿ” ಅಂದೆ. ಅವಳು ತೋಳು ಉಜ್ಜಿಕೊಳ್ಳುತ್ತಾ, “ಹಾಡು ಹೋದ್ರ ಹೋಗಲಿ ಬಿಡು, ರಟ್ಟಿ ಉಳೀತು” ಅಂದಳು. ನಸುಕಿನ ಮೂರು ಗಂಟೆಗೆ ಎದ್ದು ಕಲ್ಲು ತಿರುಗಿಸಿದವಳಿಗೆ ಗಿರಣಿಯೇ ದೇವರು.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ. ನಾನು ಬ್ಯಾಂಕಿನಲ್ಲಿ ಬೆಳೆಸಾಲದ ಕಾಗದ ನೋಡುವವಳು. ದಿನಾ ಉತಾರ, ಅಂದ್ರೆ ಹೊಲದ ಪಹಣಿ ನೋಡುತ್ತೇನೆ. ಮೊದಲು ತಲಾಟಿಯ ಕೈಬರಹದಲ್ಲಿ ಇರುತ್ತಿತ್ತು, 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಕಂಪ್ಯೂಟರಿಗೆ ಹೋಯಿತು. ಅದರಲ್ಲಿ 9ನೇ ಕಾಲಂ ನೋಡಬೇಕು, ಹೊಲ ಯಾರ ಹೆಸರಿನಲ್ಲಿದೆ ಅಂತ. ನಾನು ನೋಡಿದ ಉತಾರಗಳಲ್ಲಿ ಅಲ್ಲಿ ಹೆಂಗಸಿನ ಹೆಸರು ಬಂದರೆ ಮುಂದಿನ ಅಕ್ಷರ ಹೆಚ್ಚಾಗಿ ‘ಕೋಂ’. ಇಂಥವಳು ಕೋಂ ಇಂಥವನು, ಅಂದ್ರೆ ಇಂಥವನ ಹೆಂಡತಿ. ಗಂಡ ಹೋದ ಮೇಲೆ ವಾರಸಾ ಆಗಿ ಬಂದ ಹೆಸರುಗಳೇ ಜಾಸ್ತಿ. ಗಂಡ ಇದ್ದಾಗ ಅವಳ ಹೆಸರಿಗೆ ಅಲ್ಲಿ ಜಾಗ ಇರುವುದಿಲ್ಲ.

ನಮ್ಮ ಮುತ್ಯಾ 2007ರಲ್ಲಿ ಹೋದ. ವಾರಸಾಕ್ಕೆ ಆಯಿಯನ್ನು ಕಚೇರಿಗೆ ಕರೆದುಕೊಂಡು ಹೋದವಳು ನಾನೇ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಕೇಳಿದ, “ಗಂಡನ ಹೆಸರೇನಜ್ಜಿ?” ಆಯಿ ಮಾತಾಡಲಿಲ್ಲ. ಮತ್ತೆ ಕೇಳಿದ. ಆಯಿ ನನ್ನ ಕಡೆ ನೋಡಿದಳು. ಐವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನ ಹೆಸರು ಸೀದಾ ಹೇಳಿದವಳಲ್ಲ, ಹೇಳಿದರೆ ಒಡಪಿನಲ್ಲಿ, ಪದ ಕಟ್ಟಿ ಅದರೊಳಗೆ ಹೆಸರು ಸೇರಿಸಿ. ಆ ಹುಡುಗ ಪೇಟೆಯವನು. ಅಜ್ಜಿಗೆ ಕಿವಿ ಕೇಳುವುದಿಲ್ಲ ಅಂದುಕೊಂಡು ಮೂರನೇ ಸಲ ಚೀರಿ ಕೇಳಿದ. ಸಾಲಿನಲ್ಲಿ ನಿಂತವರೆಲ್ಲ ತಿರುಗಿದರು. ನಾನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಆಯಿ ಸೆರಗು ಸರಿಮಾಡಿಕೊಂಡು ಶುರು ಮಾಡಿಯೇಬಿಟ್ಟಳು:

“ಎರಿ ಹೊಲದಾಗ ಬೆಳಿತಾವ ಬಿಳಿಜೋಳದ ತೆನಿ, ಹದ ನೋಡಿ ಹೇಳಿದಾಕಿ ನಾ, ಕೂರಿಗಿ ಹಿಡದಾವರು...”

ಹೆಸರು ಹೇಳಿ ಮುಗಿಸಿದಳು. ಕಚೇರಿ ನಕ್ಕಿತು, ಹುಡುಗನೂ ನಕ್ಕ, ಟೈಪ್ ಮಾಡಿದ. ನನಗೆ ಮಾತ್ರ ಆ ಒಡಪಿನ ನಡುವಿನ ಸಾಲು ಮನೆಗೆ ಬಂದ ಮೇಲೆ ತಿಳಿಯಿತು. ಹದ ನೋಡಿ ಹೇಳಿದಾಕಿ ನಾ. ಅದನ್ನು ಅವಳು ಜನರ ಮುಂದೆ ಹೇಳಿದ್ದು ಅದೊಂದೇ ಸಲ, ಅದೂ ಕೇಳಬೇಕಾದವನು ಹೋದ ಮೇಲೆ.

ಹಾಗೆ ಆಯಿಯ ಹೆಸರು ಎಪ್ಪತ್ತರ ವಯಸ್ಸಿನಲ್ಲಿ 9ನೇ ಕಾಲಮ್ಮಿಗೆ ಬಂತು. ಮೂರು ಗಂಡುಮಕ್ಕಳ ಹೆಸರಿನ ಜೊತೆಗೆ.

ಇಬ್ಬರು ಹೆಣ್ಣುಮಕ್ಕಳ ಹೆಸರು ಬರಲಿಲ್ಲ. ನಾನು ತಪ್ಪು ಅಂದೆನಲ್ಲ, ಅದು ಇದೇ.

ಕಾನೂನು ಸರಳವಾಗಿ ಹೇಳುತ್ತೇನೆ, ನಿಮಗೆ ಬೇಕಾಗುತ್ತದೆ. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕಾನೂನು ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡಿಯಲ್ಲಿ ಮದುವೆಯಾದ ಮಗಳೂ ಸೇರಿದಳು. ತಂದೆ 2005ರಲ್ಲಿ ಬದುಕಿರಬೇಕಿತ್ತಾ ಅನ್ನುವ ಜಗಳಕ್ಕೂ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದಿದ್ದು ಅಂತ ಹೇಳಿತು. ಅಂದ್ರೆ ನಮ್ಮ ಇಬ್ಬರೂ ಅತ್ತಿಯರಿಗೆ 2007ರಲ್ಲಿ ಪಾಲಿತ್ತು. ಕೇಳುವ ಅಗತ್ಯವೂ ಇರಲಿಲ್ಲ, ಇತ್ತು ಅಷ್ಟೇ.

ಆಯಿ ಇಬ್ಬರನ್ನೂ ಕರೆಸಿದಳು. ಹೋಳಿಗೆ ಮಾಡಿದಳು. ಉಡಿ ತುಂಬಿದಳು, ಇಳಕಲ್ ಸೀರೆ ಕೊಟ್ಟಳು. ಮಧ್ಯಾಹ್ನ ಜೀಪು ಮಾಡಿಕೊಂಡು ಹೋಗಿ ಇಬ್ಬರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ನಮ್ಮ ಅಪ್ಪ, ಕಾಕಾ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಕೇಳುವ ಕೆಲಸವನ್ನು ಆಯಿಯೇ ಮಾಡಿದಳು. ಉತಾರದಲ್ಲಿ ತನ್ನ ಹೆಸರು ಇಲ್ಲದೆ ಐವತ್ತೆಂಟು ವರ್ಷ ದುಡಿದವಳು, ಬರುತ್ತಿದ್ದ ಎರಡು ಹೆಸರನ್ನು ತಾನೇ ಕೈಯಾರೆ ತೆಗೆಸಿದಳು. ಅದರಲ್ಲಿ ಒಂದು ಹೆಸರು ಅಟ್ಟ ನೋಡುತ್ತಾ ಮಲಗುತ್ತಿದ್ದ ಹುಡುಗಿಯದು.

ನಾನು ಆವತ್ತು ರಾತ್ರಿ ಆಯಿಯ ಜೊತೆ ಜಗಳ ಮಾಡಿದೆ. “ಹೊಲ ಹರದು ಹಂಚಿ ಹೋಗತದ” ಅಂದಳು. “ಮೂರು ಗಂಡಸರಿಗೆ ಹಂಚಿದ್ರ ಹರಿಯಂಗಿಲ್ಲೇನು?” ಅಂದೆ. ಉತ್ತರ ಬರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆಮೇಲೆ ಹನ್ನೆರಡು ವರ್ಷ ಬದುಕಿದ್ದಳು, ಆ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

2019ರಲ್ಲಿ ಪಿಎಂ ಕಿಸಾನ್ ಬಂತಲ್ಲ, ಮೊದಲ ಕಂತು 2,000 ರೂಪಾಯಿ ಅವಳ ಖಾತೆಗೂ ಬಿತ್ತು. ಹೊಲದಿಂದ ಅಂತ ಅವಳ ಹೆಸರಿಗೆ ಬಂದ ಮೊದಲ ದುಡ್ಡು ಅದು. ನಾನೇ ತೆಗೆಸಿ ಕೈಯಲ್ಲಿ ಕೊಟ್ಟೆ. ಎಣಿಸಿದಳು, ಮತ್ತೆ ಎಣಿಸಿದಳು. ಒಂದು ಸಾವಿರ ದೊಡ್ಡ ಅತ್ತಿಗೆ, ಒಂದು ಸಾವಿರ ಸಣ್ಣ ಅತ್ತಿಗೆ ಅಂತ ಎರಡು ಗಂಟು ಕಟ್ಟಿ ಪಂಚಮಿಗೆ ಬಂದಾಗ ಕೊಟ್ಟಳು. ಅವಳ ಬಾಯಿಂದ ಬರದ ಮಾತು ಅದೇನಾ? ನನಗೆ ಹಾಗೆ ಅನಿಸುತ್ತದೆ. ಅತ್ತಿಗೆ ಹಾಗೆ ಅನಿಸಿತೋ ಇಲ್ಲವೋ ಕೇಳಿಲ್ಲ.

ಅದೇ ವರ್ಷ ಎಳ್ಳಮಾಸಿಗೆ ಸ್ವಲ್ಪ ಮೊದಲು ಹೋದಳು. ಜಾಸ್ತಿ ದಿನ ಮಲಗಲಿಲ್ಲ. ಹೊಲದಲ್ಲಿ ಜೋಳ ತೆನೆ ಹಾಯುತ್ತಿತ್ತು. ಸೂತಕ ಅಂತ ಆ ವರ್ಷ ನಮ್ಮ ಮನೆಯವರು ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲಿಲ್ಲ. ಪಕ್ಕದ ಹೊಲದವರು ತಮ್ಮದರ ಜೊತೆ ನಮ್ಮ ಹೊಲದಲ್ಲೂ ನಾಲ್ಕು ಹಿಡಿ ಚೆಲ್ಲಿ ಹೋದರಂತೆ.

ಈಗ ನಮ್ಮ ಹದಿನೆಂಟರಲ್ಲಿ ಹದಿನಾಲ್ಕು ಎಕರೆ ತೊಗರಿ. ನಿಮ್ಮದೂ ಹಾಗೇ ಇರಬೇಕು. ಜೋಳ ಕೀಳಲು ಆಳು ಸಿಗುವುದಿಲ್ಲ, ಎತ್ತು ಇಲ್ಲದ ಮೇಲೆ ಕಣಿಕೆ ಯಾರಿಗೆ ಬೇಕು. ತೊಗರಿಗೆ ಯಂತ್ರ ಬರುತ್ತದೆ. ನಾನು ಇದನ್ನು ದೂರುತ್ತಿಲ್ಲ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಜಗತ್ತೆಲ್ಲ ಆಚರಿಸಿದಾಗ ಬೆಂಗಳೂರಿನ ನನ್ನ ಗೆಳತಿ ಕಟಕ ರೊಟ್ಟಿಯ ಪ್ಯಾಕೆಟ್ಟಿನ ಫೋಟೋ ಕಳಿಸಿದ್ದಳು, ಹತ್ತು ರೊಟ್ಟಿಗೆ ಹಾಕಿದ್ದ ಬೆಲೆ ನೋಡಿ, ಏಳು ಲಕ್ಷದ ಮೂವತ್ತು ಸಾವಿರ ರೊಟ್ಟಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ.

ಉಳಿದ ನಾಲ್ಕು ಎಕರೆಯಲ್ಲಿ ನಮ್ಮ ಅವ್ವ ಬಿಳಿಜೋಳ ಹಾಕಿಸುತ್ತಾಳೆ. ಬೀಜ ಮನೆಯದೇ. ಹದ ನೋಡುವುದು ಅವ್ವನಿಗೆ ಆಯಿ ಕಲಿಸಿದ್ದಳು. ಅವ್ವನ ಹೆಸರು ಉತಾರದಲ್ಲಿ ಇಲ್ಲ. ಅಪ್ಪ ಇಲ್ಲೇ ಮುಂದೆ ಕೂತಿದ್ದಾನೆ, ಅದಕ್ಕೇ ಮೈಕಿನಲ್ಲಿ ಹೇಳುತ್ತಿದ್ದೇನೆ. ಅಪ್ಪಾ, ಜಂಟಿ ಖಾತೆ ಮಾಡಿಸಲು ಏನೇನು ಕಾಗದ ಬೇಕು ಅಂತ ಬರೆದುಕೊಂಡೇ ಬಂದಿದ್ದೀನಿ. ನಾಳೆ ಬಿತ್ತನೆ ಇಲ್ಲ, ಹೋಗಿ ಬರೋಣ.

(ಇಲ್ಲಿಗೆ ನನ್ನ ಮಾತು ಮುಗಿಯಿತು. ಅಪ್ಪ ನೆಲ ನೋಡುತ್ತಾ ನಗುತ್ತಿದ್ದ. ಆಮೇಲೆ ಪ್ರಶ್ನೆ ಕೇಳಿ ಅಂದರು. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಹಿಂದಿನ ಸಾಲಿನ ಒಬ್ಬ ಸೊಸೆ ಎದ್ದು, ನನಗೆ ಅಲ್ಲ, ಸೀದಾ ಸಣ್ಣ ಅತ್ತಿಗೆ ಕೇಳಿದಳು, “ಯಕ್ಕಾ, ನೀ ಯಾಕ ಸಹಿ ಹಾಕಿದಿ?”

ಅತ್ತಿ ಕೂತಲ್ಲಿಂದಲೇ ಹೇಳಿದಳು, ಮೈಕು ಬೇಡ ಅಂದಳು. “ಹಾಕಲಿಲ್ಲಂದ್ರ ಪಂಚಮಿಗಿ ಯಾರು ಕರೀತಿದ್ರವ್ವ?”

ಅಪ್ಪನ ನಗು ನಿಂತಿತು.

ಆಮೇಲೆ ಅತ್ತಿ ಎದ್ದು ನಿಂತಳು, ನನ್ನ ಕಡೆ ತಿರುಗಿದಳು. “ಮತ್ತ ನೀ ಬೂದಿ ಅಂದಿ. ಯಾ ಬೂದಿ ಅಂತ ಹೇಳಲಿಲ್ಲ. ಕಟ್ಟಿಗಿ ಬೂದಿ ಅಲ್ಲ, ಕುಳ್ಳಿನ ಬೂದಿ. ಆರಿಸಿ, ಜರಡಿ ಹಿಡದು ಹಾಕತಿದ್ದಳು ನಮ್ಮವ್ವ. ಬಿಸಿ ಬೂದಿ ಹಾಕಿದ್ರ ಬೀಜ ಸಾಯತಾವ.” ನಿನಗೆ ಹೇಗೆ ಗೊತ್ತು ಅತ್ತಿ, ಅಂದೆ. “ಆ ಗಡಿಗಿ ಈಗ ನನ್ನ ಮನ್ಯಾಗೇ ಅದ” ಅಂದಳು. “ಎರಡು ಸೇರು ಬೀಜ ಇಟ್ಟೀನಿ. ಬೇಕಿದ್ರ ಬಾ, ಕೊಡತೀನಿ. ಗಡಿಗಿ ಕೊಡಂಗಿಲ್ಲ.”)